ಮೆತ್ತನೆಯ ಸೀಟಿನ ಕೆಂಪು ಬಸ್ಸು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ನಾನೇ ನಿಲ್ಲಿಸಿದೆ ಎಂದು ಎಲ್ಲರ ಮುಂದೆ ಹೇಳುತ್ತ ಬಂದಿದ್ದೇನೆ. ನಮ್ಮ ಗಣಿತದ ಮಾಸ್ತರರನ್ನು ಕೇಳಿದರೆ ಅವರು ಈ ಸಂಗತಿಯನ್ನು ಬೇರೆ ಥರ ಹೇಳಿಯಾರು. ಓದು ಬಿಟ್ಟವರಲ್ಲಿ ಕೆಲವರು ಜೀವಮಾನವಿಡೀ ಅದಕ್ಕಾಗಿ ಕೊರಗುತ್ತಾರೆ, ಇನ್ನು ಕೆಲವರು ಓದಿದವರನ್ನು ಕಂಡಾಗಲೆಲ್ಲ ಮೀಸೆಯೊಳಗೇ ನಗುತ್ತಾರೆ. ನಾನು ಎರಡನ್ನೂ ಮಾಡುತ್ತೇನೆ. ಬೆಳಿಗ್ಗೆ ಅಂಗಡಿ ತೆಗೆಯುವಾಗ ಕೊರಗು, ಸಂಜೆ ಮುಚ್ಚುವಾಗ ನಗು, ನಡುವಿನ ಹೊತ್ತೆಲ್ಲ ಹೊಲಿಗೆ. ಹಾನಗಲ್ಲಿನಲ್ಲಿ ನನ್ನದು ಸೀಟು ಹೊಲಿಯುವ ಅಂಗಡಿ. ಕಾರು, ಟ್ರ್ಯಾಕ್ಟರು, ಟಂಟಂ, ಮೋಟರ್ ಸೈಕಲ್ಲು, ಮನುಷ್ಯ ಕುಳಿತು ಹೋಗುವ ಯಾವುದರ ಸೀಟು ಹರಿದರೂ ನನ್ನ ಹತ್ತಿರ ಬರುತ್ತದೆ. ಗಿರಾಕಿಗಳ ಮುಖ ನನಗೆ ನೆನಪಿರುವುದಿಲ್ಲ. ಆದರೆ ಸೀಟು ನೋಡಿದ ಕೂಡಲೇ ಅದರ ಒಡೆಯ ಯಾವ ಪಕ್ಕಕ್ಕೆ ವಾಲಿ ಕೂಡುತ್ತಾನೆ, ಮನೆಯಲ್ಲಿ ನೆಮ್ಮದಿ ಇದೆಯೋ ಇಲ್ಲವೋ ಎಲ್ಲ ಹೇಳಬಲ್ಲೆ. ನೆಮ್ಮದಿ ಇಲ್ಲದವರು ಸೀಟಿನ ತುದಿಯಲ್ಲೇ ಕೂಡುತ್ತಾರೆ, ಹಾಗಾಗಿ ಮುಂದಿನ ಅಂಚು ಮೊದಲು ಸವೆಯುತ್ತದೆ. ನನ್ನ ಕಾರಿನ ಸೀಟಿನ ಮುಂದಿನ ಅಂಚು ಯಾಕೆ ಸವೆದಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕಸುಬಿಗೆ ನನ್ನನ್ನು ಹಚ್ಚಿದ್ದು ಒಂದು ಸ್ಪ್ರಿಂಗು. ಶಾಲೆ ಬಿಟ್ಟ ಹೊಸದರಲ್ಲಿ ತಿಳವಳ್ಳಿಯಿಂದ ಹಾನಗಲ್ಲಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ, ಅಲ್ಲಿ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುವ ಕೆಲಸ. ಆ ಕೆಂಪು ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿದ್ದೇ ಇಲ್ಲ. ಒಂದು ದಿನ ಇಡೀ ಬಸ್ಸು ತುಂಬಿದ್ದರೂ ಒಂದೇ ಒಂದು ಸೀಟು ಖಾಲಿ ಇತ್ತು. ನನ್ನ ದೈವ ತೆರೆಯಿತು ಎಂದುಕೊಂಡು ಓಡಿ ಹೋಗಿ ಕುಳಿತೆ. ಕುಳಿತಷ್ಟೇ ಜೋರಾಗಿ ಎದ್ದೆ. ರೆಕ್ಸಿನ್ ಹರಿದು ಒಳಗಿನ ಸ್ಪ್ರಿಂಗು ತಲೆ ಎತ್ತಿ ಕಾಯುತ್ತಿತ್ತು. ಆ ಸೀಟು ಯಾಕೆ ಖಾಲಿ ಇರುತ್ತದೆ ಎಂಬುದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಎಲ್ಲರೂ ನಕ್ಕರು. ಮರುದಿನ ಅವ್ವನ ಕೌದಿ ಹೊಲಿಯುವ ದಬ್ಬಣ, ಸುತಳಿ, ಒಂದಿಷ್ಟು ಗೋಣಿತಟ್ಟು ತೆಗೆದುಕೊಂಡು ಹೋಗಿ, ಬಸ್ಸು ಓಡುತ್ತಿರುವಾಗಲೇ ಮಂಡಿಯೂರಿ ಆ ಸೀಟು ಹೊಲಿದೆ. ಹಾನಗಲ್ಲು ಬರುವಷ್ಟರಲ್ಲಿ ಹೊಲಿಗೆ ಮುಗಿಯಿತು, ನಾನು ಏಳುವಷ್ಟರಲ್ಲಿ ಅದರ ಮೇಲೆ ಬೇರೆ ಯಾರೋ ಕುಳಿತೂ ಆಗಿತ್ತು. ನಾನು ನಿಂತೇ ಇದ್ದೆ. ಆದರೂ ಆ ಮನುಷ್ಯ ಆರಾಮಾಗಿ ಕಾಲು ಚಾಚಿದ್ದು ನೋಡಿ ನನಗೆ ಆದ ಖುಷಿ, ಗಣಿತದಲ್ಲಿ ಪಾಸಾದವರಿಗೂ ಆಗಿರಲಾರದು.

ಅಂದಿನಿಂದ ಹಳೆಯ ಗಾಡಿಗಳೆಂದರೆ ನನಗೆ ಒಂದು ನಮೂನೆಯ ಮರುಳು. ಹೊಸ ಗಾಡಿಯಲ್ಲಿ ನನಗೇನು ಕೆಲಸ? ಎಲ್ಲವೂ ಸರಿ ಇರುತ್ತದೆ. ಮನೆಯಲ್ಲಿ ಒಂದು ಹಳೆಯ ಎಂಟುನೂರರ ಕಾರಿದೆ, ಒಂದು ಕಾಲಕ್ಕೆ ಬಡವರ ಕಾರು ಎನಿಸಿಕೊಂಡಿದ್ದ ಆ ಪುಟ್ಟ ಗಾಡಿ. ಅದನ್ನು ತಂದ ದಿನ ನನ್ನ ಹೆಂಡತಿ ನೀಲವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಾಗ ನಾವು ಕುಂದರಬೇಕೋ, ಇದನ್ನ ನಾವು ಎತ್ತಿಕೊಂಡು ಹೋಗಬೇಕೋ?" ಎಂದು ಕೇಳಿದ್ದಳು. ಆಮೇಲೆ ಅವಳೇ ಅದರಲ್ಲಿ ಗೋವಿನಜೋಳದ ಚೀಲ, ಆಡಿನ ಮರಿ, ತನ್ನ ಇಬ್ಬರು ಅಕ್ಕಂದಿರನ್ನು ಒಟ್ಟಿಗೇ ತುಂಬಿ ನನ್ನಿಂದ ಓಡಿಸಿದ್ದಾಳೆ. ನಾನು ಸೀಟಿನ ತುದಿಯಲ್ಲಿ ಕುಳಿತು ಓಡಿಸುವುದು ಯಾಕೆಂದರೆ, ನನ್ನ ಬೆನ್ನ ಹಿಂದಿನ ಜಾಗವೆಲ್ಲ ಆಡಿನ ಮರಿಗೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಯಲವಿಗಿಯ ಕಡೆಯ ಒಬ್ಬ ಇಟ್ಟಂಗಿ ಭಟ್ಟಿಯವರು, ತಮ್ಮ ಜಾಗದಲ್ಲಿ ಒಂದು ಹಳೆಯ ಬಸ್ಸು ನಿಂತಿದೆ, ಸೀಟು ಬೇಕಾದರೆ ಬಿಚ್ಚಿಕೊಂಡು ಹೋಗು ಎಂದು ಕರೆದರು. ಸೀಟಿನ ಕಬ್ಬಿಣದ ಚೌಕಟ್ಟು ಸಿಕ್ಕರೆ ಲಾಭ ಎಂದು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಹೋದೆ. ಒಳಗೆ ಖಾಲಿ ಸಿಮೆಂಟ್ ಚೀಲ ಒಟ್ಟಿದ್ದರು, ಒಂದು ಕೋಳಿ ಡ್ರೈವರನ ಸೀಟಿನಲ್ಲಿ ಕಾವು ಕುಳಿತಿತ್ತು. ನಾನು ದಿನವೂ ನಿಂತು ಹೋಗುತ್ತಿದ್ದ ಅದೇ ಜಾತಿಯ ಬಸ್ಸು. ಮೂಲೆಯಲ್ಲಿ ಊರಿನ ಬೋರ್ಡು ಬಿದ್ದಿತ್ತು, ಒರೆಸಿ ನೋಡಿದರೆ "ತಿಳವಳ್ಳಿ – ಹಾನಗಲ್ – ಬಂಕಾಪುರ – ಸವಣೂರು." ಸೀಟು ತರಲು ಹೋದವನು ಬಸ್ಸನ್ನೇ ಎಳೆಸಿಕೊಂಡು ಬಂದೆ. ಕೋಳಿಯನ್ನು ಮಾತ್ರ ಅವರು ಕೊಡಲಿಲ್ಲ.

ಬಸ್ಸಿಗೆ ಮನೆಯಲ್ಲಿ ಜಾಗ ಎಲ್ಲಿ? ನಮ್ಮ ಹಿತ್ತಲ ಕಣದಲ್ಲಿ, ನೀಲವ್ವ ಗೋವಿನಜೋಳ ಒಣಗಿಸುವ ಜಾಗದಲ್ಲಿ. ಎರಡು ವರ್ಷ ರಜೆಯ ದಿನವೆಲ್ಲ ಅದರ ಕೆಳಗೇ ಮಲಗಿದ್ದೆ. ಎಂಜಿನ್ ಎಬ್ಬಿಸಿದೆ, ಕಾಗದ ಪತ್ರ ಸರಿ ಮಾಡಿಸಿದೆ, ಕೆಳಗೆ ಕೆಂಪು ಮೇಲೆ ಹಳದಿ ಬಣ್ಣ ಹೊಡೆದೆ, ಊರಿನ ಬೋರ್ಡಿನ ಅಕ್ಷರಗಳನ್ನು ಹಳೆಯ ಗೆರೆಯ ಮೇಲೆಯೇ ತಿದ್ದಿದೆ. ಕಂಡಕ್ಟರರು ಊದುವ ಸೀಟಿ ಕೂಡ ಹುಡುಕಿ ತಂದು ಬಾಗಿಲ ಹತ್ತಿರ ತೂಗು ಹಾಕಿದೆ. ಕೊನೆಗೆ ಸೀಟು. ನಲವತ್ತೆರಡು ಸೀಟು, ಒಂದೊಂದೂ ನನ್ನ ಕೈಯಿಂದ. ತೆಂಗಿನ ನಾರಿನ ಮೇಲೆ ನಾಲ್ಕು ಬೆರಳು ದಪ್ಪದ ಫೋಮು, ಅದರ ಮೇಲೆ ಹಸಿರು ರೆಕ್ಸಿನ್ನು, ಅಂಚಿಗೆ ಜೋಡಿ ಹೊಲಿಗೆ. ಯಾರ ಬೆನ್ನಿಗೂ, ಬೆನ್ನಿನ ಕೆಳಗಿನದಕ್ಕೂ, ಯಾವ ಸ್ಪ್ರಿಂಗೂ ತಾಗಬಾರದು.

ನೀಲವ್ವ ಸಹಿಸಿದಳು. ಆದರೆ ಎರಡನೇ ಸುಗ್ಗಿಗೂ ಕಣ ಸಿಗದಿದ್ದಾಗ ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನೋಡ್ರಿ, ನಾ ಜಗಳಾ ಮಾಡೂದಿಲ್ಲ. ನಿಮ್ಮ ಫೋನಿನಾಗ ಹುಬ್ಬಳ್ಳಿ ಮಂದಿ ವಾವ್ ವಾವ್ ಅಂತಾರಲ್ಲ, ಅವರು ಕಣ್ಣಾರೆ ನೋಡಿ ಇದು ಬೆಲೆ ಬಾಳೂ ಗಾಡಿ ಅಂತ ಹೇಳಲಿ. ಹೇಳಿದ್ರ ಬಸ್ಸು ಇಲ್ಲೇ ಇರಲಿ. ಹೇಳಲಿಲ್ಲಂದ್ರ ಗುಜರಿಯಾಂವಗ ನಾನ ಫೋನ್ ಹಚ್ಚತೇನಿ."

ಹುಬ್ಬಳ್ಳಿ ಮಂದಿ ಎಂದರೆ ಹಳೆಯ ಗಾಡಿಗಳ ಹುಚ್ಚಿನ ಒಂದು ಬಳಗ. ಫೋನಿನಲ್ಲಿ ಒಬ್ಬರಿಗೊಬ್ಬರು ಚಿತ್ರ ಕಳಿಸಿ ಹೊಗಳಿಕೊಳ್ಳುತ್ತೇವೆ. ಅವರು ಶಿಗ್ಗಾಂವಿಯ ಮೈದಾನದಲ್ಲಿ ಗಾಡಿಗಳ ಮೇಳ ಇಟ್ಟುಕೊಂಡಿದ್ದರು. ಹನ್ನೊಂದು ಗಂಟೆಗೆ ಪರೀಕ್ಷೆ. ಮೊದಲು ಹೇಗಿತ್ತೋ ಹಾಗೇ ಉಳಿದ ಗಾಡಿಗೆ "ಒರಿಜಿನಲ್" ಎಂದು ಹಿತ್ತಾಳೆಯ ಫಲಕ. ಆ ಫಲಕ ಬಂದರೆ ಬಸ್ಸು ಉಳಿಯಿತು, ಇಲ್ಲವಾದರೆ ಗುಜರಿ. ಎಂಟನೇ ಇಯತ್ತೆಯ ನಂತರ ನಾನು ಯಾವ ಪರೀಕ್ಷೆಗೂ ಹೆದರಿರಲಿಲ್ಲ, ಇದಕ್ಕೆ ಹೆದರಿದೆ.

ಹಿಂದೆ ಗೋವಿನಜೋಳದ ಲಾರಿ ಓಡಿಸಿದ್ದರಿಂದ ನನ್ನ ಬಳಿ ದೊಡ್ಡ ಗಾಡಿಯ ಲೈಸೆನ್ಸು ಇತ್ತು. ನೀಲವ್ವ ತೀರ್ಪನ್ನು ತನ್ನ ಕಿವಿಯಾರೆ ಕೇಳಬೇಕೆಂದು ಜರಿಸೀರೆ ಉಟ್ಟು ಹೊರಟಳು. ನಾವಿಬ್ಬರೇ, ನಲವತ್ತೆರಡು ಸೀಟು. ತಿಳವಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಒಂದು ಹಳ್ಳಿಯ ಕ್ರಾಸು. ಅಲ್ಲಿ ಒಬ್ಬ ಮುದುಕಿ ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಹಿಂದೆ ಎಂಟು ಜನ ಹೆಣ್ಣುಮಕ್ಕಳು, ತಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಬುಟ್ಟಿಗಳು. ಬ್ರೇಕು ಹಾಕಿದೆ. ಹಾಕದಿದ್ದರೆ ಬ್ರೇಕು ಒಂದನ್ನು ಸರಿ ಮಾಡಿಸಿ ಏನು ಪ್ರಯೋಜನ?

ಮುದುಕಿ ಬೋರ್ಡು ನೋಡಿದಳು. "ಸವಣೂರು! ಹತ್ತರ್ಬೇ, ಹತ್ತರಿ!"

"ತಡೀಬೇ ಯವ್ವಾ," ಎಂದೆ, "ಇದು ಸರಕಾರಿ ಬಸ್ಸಲ್ಲ."

"ಮತ್ತ ಕೆಂಪ ಬಣ್ಣ ಯಾರ ಹಚ್ಚಿದ್ರು?"

"ನಾನ ಹಚ್ಚೇನಿ. ನಾ ಸೀಟು ಹೊಲಿಯಾಂವ."

ಅಷ್ಟರಲ್ಲಿ ಎಂಟೂ ಜನ ಹತ್ತಿಯಾಗಿತ್ತು, ಕುಪ್ಪಸದೊಳಗಿಂದ ಆಧಾರ್ ಕಾರ್ಡೂ ತೆಗೆದಾಗಿತ್ತು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಾಗಿನಿಂದ ನಮ್ಮ ಕಡೆಯ ಅವ್ವಂದಿರು ಮಂಗಳಸೂತ್ರ ಮರೆತಾರು, ಆಧಾರ್ ಮರೆಯುವುದಿಲ್ಲ. ನಾನು ಕಾರ್ಡು ಬೇಡ ಎಂದೆ.

"ಕಾರ್ಡು ಬ್ಯಾಡಂದ್ರ ತಿಕೀಟು ತಗೀಬೇಕೇನು? ಎಷ್ಟು?" ಮುದುಕಿ ಕೇಳಿದಳು.

"ತಿಕೀಟು ಇಲ್ಲಬೇ. ರೊಕ್ಕ ತಗೊಳ್ಳೂದಿಲ್ಲ."

"ರೊಕ್ಕ ತಗೊಳ್ಳೂದಿಲ್ಲಂದ್ರ ಸರಕಾರದ್ದ ಆತು. ಸುಮ್ಮನ ಹೊಡೀಪಾ ನೀ."

ಈ ತರ್ಕವನ್ನು ಯಾವ ಕಾಲೇಜಿನಲ್ಲೂ ಕಲಿಸಲಾರರು. ಮುದುಕಿಯ ಹೆಸರು ಗುತ್ತೆವ್ವ. ಸವಣೂರಿನಲ್ಲಿ ಅವಳ ಮೊಮ್ಮಗಳು ಬಸುರಿ, ಅಂದು ಅವಳ ಕುಬುಸ, ಬೇರೆ ಕಡೆಯವರು ಸೀಮಂತ ಎನ್ನುವುದು. ತವರಿನ ಬುತ್ತಿ ಹೋಗಬೇಕು, ಹಸಿರು ಸೀರೆ ಉಡಿಸಬೇಕು, ಹನ್ನೆರಡರೊಳಗೆ ಉಡಿ ತುಂಬಬೇಕು. ಹೋಳಿಗೆ ಬೇಯುವುದು ತಡವಾಗಿ ಮೊದಲಿನ ಬಸ್ಸು ತಪ್ಪಿತ್ತು. ನಾನು ಇದು ಶಿಗ್ಗಾಂವಿಗೆ ಹೋಗುತ್ತದೆ, ಹಾನಗಲ್ಲಿನಲ್ಲಿ ಬೇರೆ ಬಸ್ಸು ಹಿಡಿಯಿರಿ ಎಂದು ಕೂಗಿದೆ. ಯಾರೂ ಕೇಳಲಿಲ್ಲ. ಒಬ್ಬಳಿಗೆ ಕಿಟಕಿ ಬೇಕು, ಇನ್ನೊಬ್ಬಳಿಗೆ ಗಾಲಿಯ ಮೇಲಿನ ಸೀಟು ಬೇಡ, ಮತ್ತೊಬ್ಬಳು ಕರ್ಚಿಕಾಯಿಯ ಬುಟ್ಟಿಯನ್ನು ನನ್ನ ಹೊಸ ರೆಕ್ಸಿನ್ನಿನ ಮೇಲೆ ಇಟ್ಟಿದ್ದಾಳೆ, ಎಣ್ಣೆ ಇಳಿಯುತ್ತಿದೆ! ಆಗ ನೀಲವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ತೂಗು ಹಾಕಿದ್ದ ಸೀಟಿ ಬಾಯಿಗಿಟ್ಟು ಒಂದೇ ಉಸಿರಿಗೆ ಊದಿದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಜೋರು ಸಪ್ಪಳ ಕೇಳಿದ್ದಿಲ್ಲ, ಕೇಳುವ ಪ್ರಸಂಗಗಳು ಬಂದಿದ್ದರೂ.

"ಬುಟ್ಟಿ ಎಲ್ಲಾ ಸೀಟಿನ ಕೆಳಗ! ವಯಸ್ಸಾದವರು ಮುಂದ, ಹುಡುಗ್ಯಾರು ಹಿಂದ! ಎಣ್ಣಿ ಬಿದ್ದ ಸೀಟು ಯಾರದಬೇ ಅದು? ಒರಸು ಮದಲ!" ಬುಟ್ಟಿಗಳೆಲ್ಲ ಸೀಟಿನ ಕೆಳಗೆ ಸೇರಿದವು. ಆಮೇಲೆ ನನ್ನ ಕಡೆ ತಿರುಗಿ, "ಏನ ನೋಡಾಕತ್ತೀರಿ? ರೈಟ್!" ಎಂದಳು. ನಾನು ಗೇರು ಹಾಕಿದೆ.

ಹಾನಗಲ್ಲಿನಲ್ಲಿ ಬಸ್ಸು ನಿಲ್ಲಿಸಿದೆ. ಯಾರೂ ಇಳಿಯಲಿಲ್ಲ. ಕಾರಣ ನನ್ನದೇ ಕೈಕೆಲಸ. ಒಂಬತ್ತರಲ್ಲಿ ಆರು ಜನ ಆ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಬಂಕಾಪುರದ ಕ್ರಾಸಿಗೆ ಬರುವಾಗ ಹತ್ತೂವರೆ ದಾಟಿತ್ತು. ಒಂದು ಕಡೆ ಶಿಗ್ಗಾಂವಿ, ಒಂದು ಕಡೆ ಸವಣೂರು. ಇವರನ್ನು ಇಲ್ಲಿಂದಾದರೂ ಬೇರೆ ಬಸ್ಸಿಗೆ ಹತ್ತಿಸೋಣ ಎಂದು ನೀಲವ್ವನಿಗೆ ಮೆಲ್ಲಗೆ ಹೇಳಿದೆ. "ಇಳಿಸಿ ಹತ್ತಿಸಿದ್ರ ಹೋಳಿಗಿ ಮುರೀತಾವ. ಮುರಿದ ಹೋಳಿಗಿ ಕುಬುಸಕ್ಕ ಒಯ್ಯತಾರೇನು?" ಎಂದಳು. ಕೊನೆಗೆ ಗುತ್ತೆವ್ವನ ಜೊತೆ ಒಪ್ಪಂದವಾಯಿತು: ಶಿಗ್ಗಾಂವಿಯಲ್ಲಿ ಹತ್ತೇ ನಿಮಿಷ, ಅಲ್ಲಿಂದ ನೆಟ್ಟಗೆ ಸವಣೂರು.

ಮೈದಾನದಲ್ಲಿ ಹಳೆಯ ಕಾರು, ಜೀಪು, ಸ್ಕೂಟರುಗಳು ಸಾಲಾಗಿ ನಿಂತಿದ್ದವು. ನೋಡಲು ಎರಡು ಕಣ್ಣು ಸಾಲದು, ಆದರೆ ನನ್ನ ಕಣ್ಣು ಹೋದದ್ದು ಸೀಟುಗಳ ಕಡೆಗೇ. ಎಲ್ಲವೂ ಹರಿದಿದ್ದವು! ಒಬ್ಬರ ಕಾರಿನಲ್ಲಿ ನಾರು ಹೊರಗೆ ಬಂದಿತ್ತು, ಇನ್ನೊಬ್ಬರ ಜೀಪಿನಲ್ಲಿ ಸೀಟು ಎನ್ನುವುದು ಒಂದು ನೆನಪಾಗಿ ಮಾತ್ರ ಉಳಿದಿತ್ತು. ಕಿಸೆಯಲ್ಲಿ ದಬ್ಬಣ ಇದ್ದೇ ಇತ್ತು, ಕೈ ಕಡಿಯತೊಡಗಿತು. ಬಳಗದ ಹಿರಿಯರು ದೇಸಾಯಿ ಸರ್, ತಲೆಗೆ ಹ್ಯಾಟು, ಕೈಯಲ್ಲಿ ಸಣ್ಣ ಬ್ಯಾಟರಿ. ಅವರದೂ ಒಂದು ಕಪ್ಪು ಕಾರು. "ಇದು ಒರಿಜಿನಲ್ ಹರಕು ನೋಡ್ರಿ ಫಕ್ಕೀರಪ್ಪ," ಎಂದು ತಮ್ಮ ಸೀಟಿನ ತೂತನ್ನು ಮಗುವಿನ ಗಲ್ಲ ಸವರಿದಂತೆ ಸವರಿದರು. "ಫ್ಯಾಕ್ಟರಿ ರೆಕ್ಸಿನ್ನು. ಯಾರೂ ಕೈ ಹಚ್ಚಿಲ್ಲ."

ನಮ್ಮ ಬಸ್ಸು ನೋಡಿ ಎಲ್ಲರೂ ಸುತ್ತುಗಟ್ಟಿದರು. ಒಳಗಿದ್ದ ಹೆಂಗಸರನ್ನು, ಬುಟ್ಟಿಗಳನ್ನು ಕಂಡು, ಹಳೆಯ ಕಾಲ ತೋರಿಸಲು ನಾನೇ ಕರೆತಂದಿದ್ದೇನೆಂದು ತಿಳಿದು ಚಪ್ಪಾಳೆ ತಟ್ಟಿದರು. ಒಬ್ಬ ಫೋಟೋದವನು ಗುತ್ತೆವ್ವನಿಗೆ, "ಅಜ್ಜಿ, ಸ್ವಲ್ಪ ಕಿಟಕಿ ಕಡೆ ನೋಡ್ರಿ, ದಣಿದವರಂಗ," ಎಂದ. "ದಣಿಯಾಕ ನಾ ಏನ ನಡಕೊಂಡು ಬಂದೇನಿ?" ಎಂದಳು ಅವಳು.

ದೇಸಾಯಿ ಸರ್ ಬ್ಯಾಟರಿಯ ಬೆಳಕು ಹಾಯಿಸಿ ಎಲ್ಲ ನೋಡಿದರು. ಸ್ಟೇರಿಂಗು, ಗಂಟೆಯ ಹಗ್ಗ, ಕಿಟಕಿಯ ತಗಡು, ಬೋರ್ಡಿನ ಅಕ್ಷರ. ಒಂದೊಂದಕ್ಕೂ ತಲೆಯಾಡಿಸಿದರು. ನನ್ನ ಎದೆ ಇಂಚಿಂಚೇ ಉಬ್ಬುತ್ತಿತ್ತು. ಕೊನೆಗೆ ಒಂದು ಸೀಟಿನಲ್ಲಿ ಕುಳಿತರು. ಕುಳಿತವರು ಇಳಿಯುತ್ತ ಹೋದರು, ಫೋಮು ಅವರನ್ನು ಮೆಲ್ಲಗೆ ಒಳಗೆ ತೆಗೆದುಕೊಂಡಿತು. ಒಂದು ಗಳಿಗೆ ಅವರ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದೇನೆ, ಬೇಕಾದರೆ ಆಣೆ ಮಾಡುತ್ತೇನೆ. ಆಮೇಲೆ ಎಚ್ಚರವಾದವರಂತೆ, "ಇದು ಮೆತ್ತಗೈತಿ," ಎಂದರು.

"ಹೌದ್ರಿ ಸರ."

"ಆವಾಗಿನ ಬಸ್ಸಿನ್ಯಾಗ ಇಷ್ಟು ಮೆತ್ತಗ ಇರಲಿಲ್ಲ."

"ಇರಲಿಲ್ಲರಿ ಸರ. ಅದಕ್ಕ ನಾ ಮಾಡೇನಿ."

ಅವರು ಡಾಕ್ಟರು ಕೆಟ್ಟ ಸುದ್ದಿ ಹೇಳುವ ಮೊದಲು ಮಾಡುವಂತೆ ಕನ್ನಡಕ ತೆಗೆದರು. "ಎಲ್ಲಾ ಚೊಲೋ ಐತ್ರಿ, ಆದರ ಸೀಟು ಒರಿಜಿನಲ್ ಉಳೀಲಿಲ್ಲ. ಒಂದು ಕೆಲಸ ಮಾಡ್ರಿ. ಫೋಮು ತಗದು ಬರೇ ನಾರು ಹಾಕತೇನಿ ಅಂತ ಮಾತು ಕೊಡ್ರಿ, ಫಲಕ ಇವತ್ತ ಕೊಟ್ಟಬಿಡತೇನಿ."

ಎಂಥ ಸುಲಭದ ಪಾಸು! ಹೂಂ ಎಂದಿದ್ದರೆ ಮುಗಿದಿತ್ತು. ಬಸ್ಸಿನ ಬಾಗಿಲಲ್ಲಿ ನೀಲವ್ವ ನಿಂತು ನನ್ನನ್ನೇ ನೋಡುತ್ತಿದ್ದಳು. ಎರಡು ವರ್ಷ ಮಲಗಿದ ನೆಲ, ಬಡಿದುಕೊಂಡ ಬೆರಳು, ಗುಜರಿಯವನ ಸುತ್ತಿಗೆ ಎಲ್ಲ ಕಣ್ಣ ಮುಂದೆ ಬಂದವು. ಆದರೆ ಬಾಯಿಗೆ ಬಂದದ್ದು ಬೇರೆಯೇ. "ಬ್ಯಾಡ್ರಿ ಸರ. ಬಸ್ಸು ಹೋದ್ರ ಹೋಗಲಿ. ಹೊಲಿದದ್ದು ನಾ ಬಿಚ್ಚೂದಿಲ್ಲ." ಹೆಮ್ಮೆಯ ಮನುಷ್ಯನಾಗಿರುವುದು ಬಹಳ ತುಟ್ಟಿಯ ಚಟ.

ಒಳಗಿನಿಂದ ಗುತ್ತೆವ್ವ ತಲೆ ಹೊರಹಾಕಿದಳು. "ಏ ಹ್ಯಾಟಿನ ತಮ್ಮಾ, ಅವನ ಸೀಟಿಗೆ ಏನಾಗೈತಿ? ನಿನ್ನ ಕಾರಿನ್ಯಾಗ ನಿನ್ನ ಹೇಣ್ತಿ ಕುಂದರತಾಳೇನು ಮದಲ ಅದನ್ನ ಹೇಳು!" ಇಡೀ ಮೈದಾನ ನಕ್ಕಿತು, ದೇಸಾಯಿ ಸರ್ ಒಬ್ಬರನ್ನು ಬಿಟ್ಟು. "ಮತ್ತ ಹತ್ತ ನಿಮಿಷ ಆತು. ನಡೀಪಾ ಫಕ್ಕೀರಾ."

ನಡೆಯಬೇಕಲ್ಲ! ಎಂಜಿನ್ ಏಳಲಿಲ್ಲ. ಹೊಸ ಬ್ಯಾಟರಿ ಹಾಕಬೇಕಾದ ಹೊತ್ತಿನಲ್ಲಿ ನಾನು ಇನ್ನೊಂದು ಸುರುಳಿ ರೆಕ್ಸಿನ್ನು ತಂದಿದ್ದೆ. ಹೆಂಗಸರನ್ನು ಇಳಿದು ದೂಡಿರೆಂದು ಕೇಳುವ ಮೊದಲೇ ನೀಲವ್ವ ಬಾಗಿಲಲ್ಲಿ ಜೋತುಬಿದ್ದು ಮೈದಾನದ ಕಡೆ ಕೈ ಮಾಡಿದಳು: "ಬರ್ರಿ ಅಣ್ಣಾರ, ಎಲ್ಲಾರೂ ಬರ್ರಿ! ಕುಬುಸದ ಬುತ್ತಿ ಐತಿ, ತಡಾ ಮಾಡಬಾರದು!" ಇಸ್ತ್ರಿ ಅಂಗಿಯ ಹುಬ್ಬಳ್ಳಿಯ ಮಂದಿ, ಹ್ಯಾಟು, ಕ್ಯಾಮೆರಾ ಎಲ್ಲ ಬದಿಗಿಟ್ಟು ಬಸ್ಸಿಗೆ ಹೆಗಲು ಕೊಟ್ಟರು. ನಡುವೆ ದೇಸಾಯಿ ಸರ್. ಸೀಟಿ ಒಮ್ಮೆ ಊದಿದರೆ ದೂಡಬೇಕು, ಎರಡು ಸಲ ಊದಿದರೆ ನಿಲ್ಲಬೇಕು. ಮೂರನೆಯ ಸಲಕ್ಕೆ ಬಸ್ಸು ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಎದ್ದಿತು. ಗುತ್ತೆವ್ವ ಕಿಟಕಿಯಿಂದಲೇ ದೂಡಿದವರ ಕೈಗೆ ಒಂದೊಂದು ಹೋಳಿಗೆ ಇಟ್ಟಳು. ಹೊಗೆಯ ನಡುವೆ ಹೋಳಿಗೆ ತಿನ್ನುತ್ತ ನಿಂತ ಅವರಷ್ಟು ಖುಷಿಯಾದ ಜನರನ್ನು ನಾನು ಆ ಮೇಳದಲ್ಲಿ ಬೇರೆಲ್ಲೂ ಕಾಣಲಿಲ್ಲ.

ಸವಣೂರು ಮುಟ್ಟಿದಾಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಇಡೀ ಓಣಿ ಹೊರಗೆ ಬಂತು. ಬಸುರಿ ಹುಡುಗಿ ಕಟ್ಟೆಯ ಮೇಲೆ ನಿಂತು ಅಳುವುದು ನಗುವುದು ಎರಡನ್ನೂ ಮಾಡಿದಳು. ತವರಿನವರು ಒಂದು ಇಡೀ ಬಸ್ಸು ಮಾಡಿಕೊಂಡು ಬಂದರೆಂದು ಬೀಗರು ಬೆರಗಾಗಿ ಕೇಳಿದರೆ ಗುತ್ತೆವ್ವ, "ಇದು ನೀಲವ್ವನ ಬಸ್ಸು," ಎಂದಳು. ಎರಡು ವರ್ಷ ಅದರ ಕೆಳಗೆ ಮಲಗಿದವನು ಅಲ್ಲೇ ಚಪ್ಪಲಿ ಬಿಡುತ್ತ ನಿಂತಿದ್ದ, ಅವನ ಹೆಸರು ಬರಲಿಲ್ಲ. ನೀಲವ್ವನೂ ತಿದ್ದಲಿಲ್ಲ.

ಊಟ ಮುಗಿಸಿ ಹೊರಟಾಗ ನಾನು ಮುಖ ಸಪ್ಪಗೆ ಮಾಡಿಕೊಂಡು, ಮಾತಿನಂತೆ ಗುಜರಿಯವನಿಗೆ ನಾಳೆ ಫೋನು ಮಾಡು ಎಂದೆ. ಅವಳು ಮುಂದಿನ ಸೀಟಿನಲ್ಲಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದಳು. "ಹಚ್ಚೂದಿಲ್ಲ," ಎಂದಳು.

"ಫಲಕ ಬರಲಿಲ್ಲಲ್ಲ?"

"ಫಲಕ ತಗೊಂಡು ಜ್ವಾಳ ಒಣಗಸಾಕ ಬರತೈತೇನು? ಅವರು ಬಿಚ್ಚು ಅಂದಾಗ ನೀವು ಹೂಂ ಅಂದಿದ್ರ ನಾಳೆನ ಗುಜರಿಗೆ ಹಾಕತಿದ್ದೆ." ಎಲೆ ಅಡಿಕೆ ಕಿಟಕಿಯಾಚೆ ಉಗುಳಿ, "ಆ ಗುಂಪಿನ್ಯಾಗಿನ ರುದ್ರವ್ವನ ಮಗಳ ಕುಬುಸ ಮುಂದಿನ ತಿಂಗಳ ಐತಿ. ಬಸ್ಸು ತರತೇನಿ ಅಂತ ಮಾತು ಕೊಟ್ಟೇನಿ. ನಿಮಗ ಅವತ್ತ ಕೆಲಸ ಐತೇನು?" ನನಗೆ ಕೆಲಸ ಇತ್ತು. ಇಲ್ಲ ಎಂದೆ.

ವಾರ ಕಳೆದ ಮೇಲೆ ದೇಸಾಯಿ ಸರ್ ಫೋನು ಮಾಡಿದರು, ದನಿ ತಗ್ಗಿಸಿ. ಅವರ ಮನೆಯವರು ಆ ಕಪ್ಪು ಕಾರಿನಲ್ಲಿ ಕೂಡುವುದನ್ನು ಬಿಟ್ಟು ಆರು ವರ್ಷವಾಯಿತಂತೆ. ಹೊರಗಿನ ಹರಕು ಹಾಗೇ ಇರಬೇಕು, ಒಳಗೆ ಮಾತ್ರ ಮೆತ್ತಗೆ ಮಾಡಿಕೊಡಲು ಬರುತ್ತದೆಯೇ ಎಂದು ಕೇಳಿದರು. ಮಾಡಿಕೊಟ್ಟೆ. ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ, ನಿಮಗೂ ಹೇಳಿಲ್ಲ ಎಂದೇ ತಿಳಿಯಿರಿ.

ಹೀಗೆ, ಓದು ನಿಲ್ಲಿಸಿದವನ ಹತ್ತಿರ ಈಗ ಇರುವುದು ಇಷ್ಟು: ಅಂಗಡಿ ಒಂದು, ಹೊಲಿಗೆ ಮಷಿನ್ನು ಎರಡು. ಕಾರು ಒಂದು. ಬಸ್ಸು ಒಂದು, ಅದರಲ್ಲಿ ಸೀಟು ನಲವತ್ತೆರಡು, ಫೋಮು ಸಮೇತ. ಫಲಕ ಇಲ್ಲ. ಬರುವ ಮೂರು ತಿಂಗಳಲ್ಲಿ ಕುಬುಸ ಐದು. ಹೆಂಡತಿ ಒಬ್ಬಳು, ಕಂಡಕ್ಟರೂ ಅವಳೇ. ಮನೆಯಲ್ಲಿ ಇನ್ನೂ ಹೇಳದ ಸಂಗತಿ ಒಂದು. ಅದು ಹಿರೇಕೆರೂರಿನಲ್ಲಿ ಒಂದು ಬೇವಿನ ಗಿಡದ ಕೆಳಗೆ ನಿಂತಿದೆ, ಅದಕ್ಕೆ ಗಾಲಿ ಆರು.